ಬೇರೆಯವರು ಎಳೆದ ಗೆರೆಗಳ ನಡುವೆ: ಸೇಂಟ್ ಪಿಯರ್ ಮತ್ತು ಮಿಕೆಲಾನ್ ದ್ವೀಪಗಳ ಚರಿತ್ರೆ ಮತ್ತು ಆರ್ಥಿಕತೆ

2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊಸ ಆಮದು ಸುಂಕಗಳ ಪಟ್ಟಿಯನ್ನು ಜಗತ್ತಿನ ಮುಂದಿಟ್ಟರು. ಅದರಲ್ಲಿ ಚೀನಾದ ಎದುರು ಶೇ 34, ಐರೋಪ್ಯ ಒಕ್ಕೂಟದ ಎದುರು ಶೇ 20 ಎಂದು ಬರೆದಿತ್ತು. ಪಟ್ಟಿಯಲ್ಲೇ ಅತಿ ಹೆಚ್ಚಿನದಾದ ಶೇ 50ರ ದರ ಎರಡು ಹೆಸರುಗಳ ಪಾಲಿಗೆ ಬಂದಿತ್ತು. ಒಂದು ದಕ್ಷಿಣ ಆಫ್ರಿಕಾದ ಒಡಲೊಳಗಿರುವ ಬಡ ದೇಶ ಲೆಸೊಥೊ. ಇನ್ನೊಂದು ಸೇಂಟ್ ಪಿಯರ್ ಮತ್ತು ಮಿಕೆಲಾನ್. ಕೆನಡಾದ ಪೂರ್ವ ತೀರದಲ್ಲಿ, ನ್ಯೂಫೌಂಡ್‌ಲ್ಯಾಂಡ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ, ಆರು ಸಾವಿರಕ್ಕಿಂತ ಕಡಿಮೆ ಜನವಸತಿಯ ಫ್ರೆಂಚ್ ದ್ವೀಪಸಮೂಹ.

ಈ ದರದ ಹಿಂದೆ ಯಾವ ವ್ಯಾಪಾರ ಸಮರವೂ ಇರಲಿಲ್ಲ. ಒಂದು ಪ್ರದೇಶದೊಂದಿಗೆ ಅಮೆರಿಕಕ್ಕಿರುವ ವ್ಯಾಪಾರ ಕೊರತೆಯನ್ನು ಆ ಪ್ರದೇಶದಿಂದ ಬಂದ ಆಮದಿನ ಮೊತ್ತದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅರ್ಧ ಮಾಡಿ ಸುಂಕ ನಿಗದಿಪಡಿಸಲಾಗಿತ್ತು. 2024ರ ಜುಲೈನಲ್ಲಿ ಈ ದ್ವೀಪಗಳಿಂದ ಅಮೆರಿಕಕ್ಕೆ ಸುಮಾರು 34 ಲಕ್ಷ ಡಾಲರ್ ಮೌಲ್ಯದ ಹಾಲಿಬಟ್ ಮೀನು ರಫ್ತಾಗಿತ್ತು. ಹಾಲಿಬಟ್ ನಮ್ಮ ಕರಾವಳಿಯ ನಂಗಿನಂತೆ ಚಪ್ಪಟೆಯಾದ, ಆದರೆ ಆಳೆತ್ತರಕ್ಕೆ ಬೆಳೆಯಬಲ್ಲ ದುಬಾರಿ ಮೀನು. ಅದರ ಪಾಲಿನ ಬಗ್ಗೆ ಫ್ರಾನ್ಸ್ ಮತ್ತು ಕೆನಡಾ ನಡುವೆ ತಕರಾರು ನಡೆದಿದ್ದ ಕಾಲದಲ್ಲೇ ಈ ಸರಕು ಹೋಗಿತ್ತು. ಅದೇ ವರ್ಷ ಅಮೆರಿಕದಿಂದ ದ್ವೀಪಗಳಿಗೆ ಬಂದ ಸರಕಿನ ಮೌಲ್ಯ ಇದರ ಒಂದು ಸಣ್ಣ ಅಂಶ ಮಾತ್ರ. ಹೀಗಾಗಿ ಕೊರತೆಯ ಪ್ರಮಾಣ ಶೇ 99 ಎಂದಾಯಿತು, ಸುಂಕ ಶೇ 50 ಎಂದಾಯಿತು. ಕೆಲವೇ ದಿನಗಳಲ್ಲಿ ಆ ಅಂಕಿಯನ್ನು ಕೈಬಿಟ್ಟು ಎಲ್ಲರಿಗೂ ಅನ್ವಯಿಸುವ ಶೇ 10ರ ಮೂಲ ದರವನ್ನೇ ಇಲ್ಲಿಗೂ ಹಾಕಿದರು. ಆದರೂ ಒಂದೇ ಒಂದು ಮೀನಿನ ವಹಿವಾಟಿನಿಂದ ಇಡೀ ಸಮಾಜದ ಹೆಸರು ಜಾಗತಿಕ ಪಟ್ಟಿಯ ತುದಿಗೇರಿದ್ದು ಗಮನಿಸಬೇಕಾದ ಸಂಗತಿ. ಈ ದ್ವೀಪಗಳ ಐದು ಶತಮಾನಗಳ ಚರಿತ್ರೆಯನ್ನು ಓದಿದರೆ, ಇವುಗಳ ಏಳುಬೀಳನ್ನು ಪ್ರತಿ ಬಾರಿಯೂ ದೂರದ ರಾಜಧಾನಿಗಳಲ್ಲಿ ಎಳೆದ ಗೆರೆಗಳೂ ಬರೆದ ಕಾನೂನುಗಳೂ ನಿರ್ಧರಿಸಿವೆ ಎಂಬುದು ಸ್ಪಷ್ಟವಾಗುತ್ತದೆ. ಇವತ್ತಿನ ಪರಾವಲಂಬನೆಯನ್ನೂ ಆ ಹಿನ್ನೆಲೆಯಲ್ಲೇ ನೋಡಬೇಕೆಂಬುದು ನನ್ನ ವಾದ.

ದ್ವೀಪಸಮೂಹದ ಒಟ್ಟು ವಿಸ್ತೀರ್ಣ 242 ಚದರ ಕಿಲೋಮೀಟರ್. ಅದರಲ್ಲಿ ಬಹುಭಾಗ ಮಿಕೆಲಾನ್ ಮತ್ತು ಲಾಂಗ್ಲಾಡ್ ಎಂಬ, ಉದ್ದನೆಯ ಮರಳ ದಿಬ್ಬದಿಂದ ಕೂಡಿಕೊಂಡ ಜೋಡಿ ದ್ವೀಪದ್ದು. ಜನರಲ್ಲಿ ಸುಮಾರು ಆರುನೂರು ಮಂದಿಯನ್ನು ಬಿಟ್ಟರೆ ಉಳಿದವರೆಲ್ಲ ಚಿಕ್ಕದಾದ ಸೇಂಟ್ ಪಿಯರ್ ದ್ವೀಪದಲ್ಲಿದ್ದಾರೆ, ಏಕೆಂದರೆ ಒಳ್ಳೆಯ ಬಂದರು ಇರುವುದು ಅಲ್ಲಿ. ಮಣ್ಣು ತೆಳು, ಬೇಸಿಗೆ ಚಿಕ್ಕದು, ಮಂಜು ದಟ್ಟ. ಬೇಸಾಯವನ್ನು ನಂಬಿ ಇಲ್ಲಿ ಬದುಕಲಾಗದು. ಜನ ಇಲ್ಲಿಗೆ ಬಂದದ್ದು ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೂ ಪೂರ್ವಕ್ಕೂ ಹರಡಿರುವ ಆಳವಿಲ್ಲದ ಸಮುದ್ರದ ದಿಬ್ಬಗಳಿಗಾಗಿ, ಅಂದರೆ ಗ್ರ್ಯಾಂಡ್ ಬ್ಯಾಂಕ್ಸ್‌ನ ಕಾಡ್ ಮೀನಿಗಾಗಿ. ನಮ್ಮಲ್ಲಿ ಕಾಡ್ ಲಿವರ್ ಎಣ್ಣೆಯ ಮೂಲಕ ಮಾತ್ರ ಪರಿಚಯವಿರುವ ಈ ಮೀನು ಯುರೋಪಿನ ಕ್ಯಾಥೊಲಿಕ್ ದೇಶಗಳಲ್ಲಿ ಉಪವಾಸದ ದಿನಗಳ ಆಹಾರವಾಗಿತ್ತು. ಕೊಬ್ಬು ಕಡಿಮೆಯಿರುವುದರಿಂದ ಉಪ್ಪು ಹಾಕಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದು. ಆದರೆ ಒಣಗಿಸಲು ದಡ ಬೇಕು. ದ್ವೀಪಗಳ ಬೆಲೆಯೆಲ್ಲ ಇದ್ದದ್ದು ಆ ಬೆಣಚುಕಲ್ಲಿನ ದಡದಲ್ಲಿ.

ಪೋರ್ಚುಗಲ್‌ನ ನಾವಿಕ ಜುವಾಂವ್ ಆಲ್ವಾರೆಸ್ ಫಗುಂಡೆಸ್ 1520ರಲ್ಲಿ ಈ ದ್ವೀಪಗಳನ್ನು ಕಂಡ. 1536ರಲ್ಲಿ ಜಾಕ್ ಕಾರ್ಟಿಯೆ ಇಲ್ಲಿ ಹಾದುಹೋದಾಗ ಫ್ರಾನ್ಸಿನ ಮೀನುಗಾರರು ಆಗಲೇ ಇಲ್ಲಿ ಬೀಡುಬಿಟ್ಟಿದ್ದರು. ಬಾಸ್ಕ್ ಪ್ರದೇಶ, ಬ್ರಿಟನಿ ಮತ್ತು ನಾರ್ಮಂಡಿಯಿಂದ ವಸಂತದಲ್ಲಿ ಹೊರಟು ಶರತ್ಕಾಲದಲ್ಲಿ ಮರಳುತ್ತಿದ್ದ ಇವರ ಗುರುತು ದ್ವೀಪದ ಬಾವುಟದಲ್ಲಿ ಇಂದಿಗೂ ಇದೆ. ಮೂರೂ ಪ್ರಾಂತಗಳ ಲಾಂಛನಗಳು ಅದರ ಅಂಚಿನಲ್ಲಿವೆ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸ್ ಈ ದ್ವೀಪಗಳನ್ನೂ ನ್ಯೂಫೌಂಡ್‌ಲ್ಯಾಂಡ್ ಮೇಲಿನ ಹಕ್ಕನ್ನೂ ಬ್ರಿಟನ್ನಿಗೆ ಬಿಟ್ಟುಕೊಟ್ಟಿತು, ಆದರೆ ನ್ಯೂಫೌಂಡ್‌ಲ್ಯಾಂಡ್‌ನ ಒಂದು ತೀರದಲ್ಲಿ ಮೀನು ಹಿಡಿದು ಒಣಗಿಸುವ ಹಕ್ಕನ್ನು ಉಳಿಸಿಕೊಂಡಿತು.

ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸ್ 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾವನ್ನೇ ಕಳೆದುಕೊಂಡಿತು. ಅದೇ ಒಪ್ಪಂದ ಈ ಎರಡು ತುಂಡು ನೆಲವನ್ನು ಮೀನುಗಾರರ ಆಶ್ರಯತಾಣವಾಗಿ ಅದಕ್ಕೆ ಮರಳಿಸಿತು. ಕೋಟೆ ಕಟ್ಟಕೂಡದು, ಕಾವಲಿಗೆ 50 ಜನರಿಗಿಂತ ಹೆಚ್ಚು ಇರಕೂಡದು ಎಂಬುದು ಷರತ್ತು. ನಮ್ಮ ದೇಶದ ಪುದುಚೇರಿ, ಮಾಹೆ, ಕಾರೈಕಲ್‌ಗಳು ಫ್ರೆಂಚರ ಕೈಗೆ ವಾಪಸಾದದ್ದೂ ಇದೇ ಒಪ್ಪಂದದಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಒಂದೇ ಕಾಗದದಲ್ಲಿ ಅತ್ತ ಉಪ್ಪುಮೀನಿನ ದಡ, ಇತ್ತ ಬಟ್ಟೆ ಮತ್ತು ಮೆಣಸಿನ ಕೋಠಿಗಳು. ದೊಡ್ಡ ಸಾಮ್ರಾಜ್ಯ ಕಳೆದುಕೊಂಡವರಿಗೆ ವ್ಯಾಪಾರದ ಬಾಗಿಲುಗಳನ್ನಷ್ಟೇ ತೆರೆದಿಡುವುದು ಆ ಒಪ್ಪಂದದ ತರ್ಕವಾಗಿತ್ತು.

1755ರಿಂದ ಬ್ರಿಟಿಷರು ಅಕಾಡಿಯಾದಿಂದ (ಇಂದಿನ ಕೆನಡಾದ ಪೂರ್ವ ಕರಾವಳಿಯಲ್ಲಿದ್ದ ಹಳೆಯ ಫ್ರೆಂಚ್ ವಸಾಹತು) ಒಕ್ಕಲೆಬ್ಬಿಸಿದ್ದ ಫ್ರೆಂಚ್ ಕುಟುಂಬಗಳು ಮಿಕೆಲಾನ್‌ಗೆ ಬಂದು ನೆಲೆಸಿದವು. ಆದರೆ 1767ರಲ್ಲಿ, ದ್ವೀಪ ಇಷ್ಟು ಜನರನ್ನು ಸಾಕಲಾರದೆಂದು ಫ್ರೆಂಚ್ ಸರಕಾರವೇ ಅವರಲ್ಲಿ ಹಲವರನ್ನು ಅಲ್ಲಿಂದ ಕಳಿಸಿತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಬೆಂಬಲಿಸಿದಾಗ ಬ್ರಿಟಿಷರು ದ್ವೀಪಗಳಿಗೆ ಬೆಂಕಿಯಿಟ್ಟು ಜನರನ್ನು ಗಡೀಪಾರು ಮಾಡಿದರು. 1783ರಲ್ಲಿ ಮರಳಿ ಬಂದವರನ್ನು 1793ರ ನಂತರ ಮತ್ತೆ ಹೊರದಬ್ಬಲಾಯಿತು. 1814ರ ಒಪ್ಪಂದದಂತೆ 1816ರಲ್ಲಿ ಮತ್ತೆ ನೆಲೆಸಿದ ಮೇಲಷ್ಟೇ ದ್ವೀಪಗಳು ಫ್ರಾನ್ಸಿನ ಕೈಯಲ್ಲಿ ಖಾಯಂ ಆಗಿ ಉಳಿದವು. ಮೂರು ತಲೆಮಾರುಗಳ ಕಾಲ ಅದೇ ಕುಟುಂಬಗಳು ಮನೆ ಕಟ್ಟಿದ್ದು, ಕಳೆದುಕೊಂಡದ್ದು, ಮತ್ತೆ ಕಟ್ಟಿದ್ದು ಈ ಒಪ್ಪಂದಗಳ ಒಣ ಭಾಷೆಯಲ್ಲಿ ಎಲ್ಲೂ ಕಾಣಸಿಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನ ಕಾಡ್ ಮೀನಿನ ಶತಮಾನ. ಪ್ಯಾರಿಸ್ ಸರಕಾರ ಈ ಮೀನುಗಾರಿಕೆಗೆ ಉದಾರವಾಗಿ ಪ್ರೋತ್ಸಾಹಧನ ಕೊಡುತ್ತಿತ್ತು, ಏಕೆಂದರೆ ಅಟ್ಲಾಂಟಿಕ್‌ನಲ್ಲಿ ಪಳಗಿದ ಮೀನುಗಾರನೇ ನಾಳೆ ನೌಕಾಪಡೆಯ ನಾವಿಕ. ಬೇಸಿಗೆಯಲ್ಲಿ ಸಾವಿರಾರು ಹಂಗಾಮಿ ಕೆಲಸಗಾರರು ಫ್ರಾನ್ಸಿನಿಂದ ಬರುತ್ತಿದ್ದರು. ಅವರಲ್ಲಿ ‘ಗ್ರಾವಿಯೆ’ ಎಂದು ಕರೆಸಿಕೊಳ್ಳುತ್ತಿದ್ದ ಬ್ರಿಟನಿಯ ಬಡ ಹುಡುಗರ ಪಾಡು ಶೋಚನೀಯವಾಗಿತ್ತು. ಮೀನನ್ನು ಬೆಣಚುಕಲ್ಲಿನ ಮೇಲೆ ಹರಡುವುದು, ತಿರುವಿ ಹಾಕುವುದು, ಮಳೆ ಬಂದರೆ ಬಾಚಿ ಒಟ್ಟುವುದು ಬೆಳಗಿನಿಂದ ಕತ್ತಲಾಗುವವರೆಗೆ ಅವರ ಕೆಲಸ. ಒಳ್ಳೆಯ ಮೀನು ಯುರೋಪಿಗೆ ಹೋದರೆ ಕೀಳು ದರ್ಜೆಯದು ಕೆರಿಬಿಯನ್ ದ್ವೀಪಗಳ ಸಕ್ಕರೆ ತೋಟಗಳಲ್ಲಿ ದುಡಿಯುವವರ ತಟ್ಟೆಗೆ ಹೋಗುತ್ತಿತ್ತು. ಗುಲಾಮಗಿರಿಯ ಆರ್ಥಿಕತೆಗೂ ಈ ಚಳಿನಾಡಿನ ದಡಕ್ಕೂ ಇದ್ದ ನಂಟು ಇದು. 1869ರಲ್ಲಿ ಫ್ರಾನ್ಸಿನ ಬ್ರೆಸ್ಟ್‌ನಿಂದ ಅಮೆರಿಕಕ್ಕೆ ಎಳೆದ ಟೆಲಿಗ್ರಾಫ್ ತಂತಿ ಸೇಂಟ್ ಪಿಯರ್ ಮೂಲಕ ಹಾದುಹೋಯಿತು.

ಪ್ರೋತ್ಸಾಹಧನದ ಬಲದಿಂದ ಅಗ್ಗವಾದ ಫ್ರೆಂಚ್ ಉಪ್ಪುಮೀನು ನ್ಯೂಫೌಂಡ್‌ಲ್ಯಾಂಡ್‌ನವರ ಮಾರುಕಟ್ಟೆಯನ್ನು ಕಸಿಯತೊಡಗಿದಾಗ ಅವರು ಹೊಡೆದದ್ದು ನೇರವಾಗಿ ಗಾಳದ ಎರೆಗೆ. ಫ್ರೆಂಚರು ಎರೆಯಾಗಿ ಬಳಸುತ್ತಿದ್ದ ಹೆರಿಂಗ್ ಮೀನನ್ನು ಮಾರುತ್ತಿದ್ದವರು ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣ ತೀರದ ಬೆಸ್ತರೇ. 1880ರ ದಶಕದ ಕೊನೆಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಸರಕಾರ ಆ ಮಾರಾಟವನ್ನು ಕಾನೂನಿನಿಂದ ತಡೆಯಿತು. ದ್ವೀಪದವರು ಶಂಖದ ಜಾತಿಯ ಸಮುದ್ರಜೀವಿಯನ್ನು ಎರೆಯಾಗಿ ಬಳಸಿ ಕೆಲಕಾಲ ತಾಳಿಕೊಂಡರು. ಆಮೇಲೆ 1904ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ತಮ್ಮ ಜಗಳಗಳನ್ನು ಒಟ್ಟಾಗಿ ಬಗೆಹರಿಸಿಕೊಂಡಾಗ, ಆಫ್ರಿಕಾದಲ್ಲಿ ಸಿಗುವ ಅನುಕೂಲಗಳಿಗೆ ಪ್ರತಿಯಾಗಿ ಫ್ರಾನ್ಸ್ ನ್ಯೂಫೌಂಡ್‌ಲ್ಯಾಂಡ್ ತೀರದ ಹಳೆಯ ಹಕ್ಕನ್ನು ಬಿಟ್ಟುಕೊಟ್ಟಿತು. ಹಬೆ ಯಂತ್ರದ ಟ್ರಾಲರ್‌ಗಳು ಬಂದು ಮೀನನ್ನು ನೇರವಾಗಿ ಫ್ರಾನ್ಸಿಗೆ ಒಯ್ಯತೊಡಗಿದ ಮೇಲೆ ಒಣಗಿಸುವ ದಡದ ಅಗತ್ಯವೇ ಕುಗ್ಗಿತು. ಜನ ಗುಂಪುಗುಂಪಾಗಿ ಕೆನಡಾ ಮತ್ತು ಅಮೆರಿಕಕ್ಕೆ ವಲಸೆ ಹೋದರು.

ಇಂಥ ಹೊತ್ತಿನಲ್ಲಿ, 1920ರ ಜನವರಿಯಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ಕೆನಡಾದ ಕಾನೂನಿನ ಪ್ರಕಾರ ಅಲ್ಲಿನ ವಿಸ್ಕಿ ತಯಾರಕರು ವಿದೇಶಿ ಬಂದರಿಗೆ ಮದ್ಯ ರಫ್ತು ಮಾಡಬಹುದಿತ್ತು, ಸರಕು ಇಳಿದದ್ದಕ್ಕೆ ದಾಖಲೆ ತೋರಿಸಿದರೆ ಸಾಕು. ಸೇಂಟ್ ಪಿಯರ್ ಹತ್ತಿರದ ವಿದೇಶಿ ಬಂದರು, ಮತ್ತು ಫ್ರಾನ್ಸಿನಲ್ಲಿ ಮದ್ಯಕ್ಕೆ ನಿಷೇಧವಿರಲಿಲ್ಲ. ವಿದೇಶಿ ಮದ್ಯದ ಆಮದಿಗಿದ್ದ ತಡೆಯನ್ನು ಫ್ರೆಂಚ್ ಸರಕಾರ 1922ರಲ್ಲಿ ತೆಗೆದ ಮೇಲೆ ವ್ಯಾಪಾರ ಉಕ್ಕಿತು. ಸ್ಕಾಟ್ಲೆಂಡಿನ ವಿಸ್ಕಿ, ಕೆನಡಾದ ವಿಸ್ಕಿ, ಫ್ರಾನ್ಸಿನ ಶಾಂಪೇನ್ ಇಲ್ಲಿ ಕಾನೂನುಬದ್ಧವಾಗಿ ಇಳಿದು, ಸಣ್ಣ ಸುಂಕ ತೆತ್ತು, ಕಾನೂನುಬದ್ಧವಾಗಿಯೇ ಮತ್ತೆ ಹಡಗೇರಿ ಹೋಗುತ್ತಿದ್ದವು. ನ್ಯೂಯಾರ್ಕ್, ನ್ಯೂಜೆರ್ಸಿಗಳ ಕಡಲಂಚಿನಲ್ಲಿ ಮಾತ್ರ ಅವು ಕಳ್ಳಮಾಲಾಗುತ್ತಿದ್ದವು. ಮೀನಿನ ಶೈತ್ಯಾಗಾರವೂ ಮದ್ಯದ ಗೋದಾಮಾಯಿತು. ಬಾಟಲಿಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು ಗೋಣಿಯಲ್ಲಿ ತುಂಬಿ ಕಳಿಸುತ್ತಿದ್ದರು. ಉಳಿದ ಪೆಟ್ಟಿಗೆಗಳ ಹಲಗೆಯಿಂದ ಜನ ಒಲೆ ಉರಿಸಿದರು, ಮನೆಯನ್ನೂ ಕಟ್ಟಿದರು. ಕಟ್ಟಿ ಸಾರ್ಕ್ ಎಂಬ ವಿಸ್ಕಿಯ ಹೆಸರು ಹೊತ್ತ ‘ವಿಲ್ಲಾ ಕಟ್ಟಿ ಸಾರ್ಕ್’ ಮನೆ ಆ ಕಾಲದ ಸಾಕ್ಷಿ.

ಪ್ರವಾಸಿ ಕೈಪಿಡಿಗಳು ಈ ಅಧ್ಯಾಯವನ್ನು ರೋಚಕ ಕಥೆಯಾಗಿ ಹೇಳುತ್ತವೆ. ಆರ್ಥಿಕತೆಯ ದೃಷ್ಟಿಯಿಂದ ಅದು ಮಾಡಿದ ಹಾನಿ ದೊಡ್ಡದು ಎಂದು ನನಗನಿಸುತ್ತದೆ. ಲಾಭದ ಬಹುಪಾಲು ಕೆನಡಾದ ಡಿಸ್ಟಿಲರಿಗಳಿಗೂ ಅಮೆರಿಕದ ದಂಧೆಕೋರರಿಗೂ ಹೋಯಿತು. ಸ್ಥಳೀಯರಿಗೆ ಸಿಕ್ಕಿದ್ದು ಸರಕು ಇಳಿಸಿ ಏರಿಸುವ ಕೂಲಿ, ಗೋದಾಮಿನ ಬಾಡಿಗೆ, ಖಜಾನೆಗೆ ಸುಂಕ. ಬಂದರು, ರಸ್ತೆ ಸುಧಾರಿಸಿದವು ನಿಜ. ಆದರೆ ಬೆಸ್ತರು ದೋಣಿಯನ್ನು ದಡಕ್ಕೆಳೆದು ಬಿಟ್ಟಿದ್ದರಿಂದ, 1933ರ ಡಿಸೆಂಬರಿನಲ್ಲಿ ಪಾನನಿಷೇಧ ರದ್ದಾದಾಗ ಹಿಂತಿರುಗಲು ಹಳೆಯ ಕಸುಬೂ ಇರಲಿಲ್ಲ. ಅಮೆರಿಕದ ಸಂವಿಧಾನದ ಒಂದು ತಿದ್ದುಪಡಿಯಿಂದ ಬಂದ ಸಿರಿ ಇನ್ನೊಂದು ತಿದ್ದುಪಡಿಯಿಂದ ಹೋಯಿತು.

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದ ಮೇಲೆ ದ್ವೀಪದ ಆಡಳಿತಾಧಿಕಾರಿ ಜರ್ಮನಿಯೊಂದಿಗೆ ಸಹಕರಿಸುತ್ತಿದ್ದ ಫ್ರಾನ್ಸಿನ ವಿಶಿ ಸರಕಾರಕ್ಕೆ ನಿಷ್ಠನಾಗಿ ಉಳಿದ. 1941ರ ಡಿಸೆಂಬರ್ 24ರಂದು ಅಡ್ಮಿರಲ್ ಮ್ಯೂಸೆಲಿಯೆ ನೇತೃತ್ವದ ಸ್ವತಂತ್ರ ಫ್ರೆಂಚ್ ಪಡೆ ಮೂರು ಯುದ್ಧನೌಕೆ ಮತ್ತು ಒಂದು ಜಲಾಂತರ್ಗಾಮಿಯೊಂದಿಗೆ ಬಂದು, ಗುಂಡು ಹಾರಿಸದೆ ದ್ವೀಪಗಳನ್ನು ವಶಪಡಿಸಿಕೊಂಡಿತು. ಮರುದಿನವೇ ನಡೆದ ಜನಮತದಲ್ಲಿ ಶೇ 98ರಷ್ಟು ಮಂದಿ ಸ್ವತಂತ್ರ ಫ್ರೆಂಚರ ನಾಯಕ ಡಿ ಗಾಲ್ ಪರ ನಿಂತರು. ವಿಶಿ ಸರಕಾರದೊಂದಿಗೆ ಸಂಬಂಧ ಉಳಿಸಿಕೊಳ್ಳಲು ಬಯಸಿದ್ದ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಇದರಿಂದ ಕೆಂಡಾಮಂಡಲವಾದರು. ದ್ವೀಪದ ಹಲವು ಯುವಕರು ಸ್ವತಂತ್ರ ಫ್ರೆಂಚ್ ನೌಕಾಪಡೆ ಸೇರಿದರು. 1942ರ ಜೂನ್‌ನಲ್ಲಿ ‘ಮಿಮೋಸಾ’ ನೌಕೆ ಮುಳುಗಿದಾಗ ಅವರಲ್ಲಿ ಅನೇಕರು ಪ್ರಾಣ ತೆತ್ತರು.

ಯುದ್ಧಾನಂತರದ ಮೂರು ದಶಕ ಸೇಂಟ್ ಪಿಯರ್ ಬಂದರು ಸ್ಪೇನ್, ಪೋರ್ಚುಗಲ್ ಮುಂತಾದ ದೇಶಗಳ ಟ್ರಾಲರ್‌ಗಳಿಗೆ ಇಂಧನ, ಆಹಾರ, ದುರಸ್ತಿ ಒದಗಿಸಿ ಬದುಕಿತು. ಫ್ರಾನ್ಸಿನ ಶಾರೊಲೆ ತಳಿಯ ದನಗಳು ಕೆನಡಾ ಪ್ರವೇಶಿಸುವ ಮುನ್ನ ರೋಗತಪಾಸಣೆಗಾಗಿ ಇಲ್ಲಿನ ಪಶು ಕ್ವಾರಂಟೈನ್ ಕೇಂದ್ರದಲ್ಲಿ ಉಳಿಯುತ್ತಿದ್ದುದೂ ಒಂದು ಆದಾಯ. ಇಲ್ಲೂ ದ್ವೀಪಕ್ಕೆ ದುಡ್ಡು ತಂದದ್ದು ಎರಡು ದೇಶಗಳ ಕಾನೂನಿನ ನಡುವಿನ ಜಾಗವೇ. 1976ರಲ್ಲಿ ಪ್ಯಾರಿಸ್ ಈ ದ್ವೀಪಗಳನ್ನು ಸಾಗರೋತ್ತರ ಜಿಲ್ಲೆಯನ್ನಾಗಿ ಮಾಡಿದಾಗ ಐರೋಪ್ಯ ಸಮುದಾಯದ ಸುಂಕದ ನಿಯಮಗಳು ಇಲ್ಲಿಗೂ ಬಂದು, ಸರಕಿಗೆಲ್ಲ ಕೆನಡಾವನ್ನು ನಂಬಿದ್ದ ಜನ ಕಷ್ಟಕ್ಕೆ ಸಿಕ್ಕರು. ಸ್ಥಳೀಯರ ವಿರೋಧದಿಂದಾಗಿ 1985ರಲ್ಲಿ ಆ ಸ್ಥಾನಮಾನ ಬದಲಾಗಿ, ತೆರಿಗೆ ಮತ್ತು ಸುಂಕದ ಅಧಿಕಾರ ಸ್ಥಳೀಯ ಮಂಡಳಿಗೆ ಸಿಕ್ಕಿತು. ಇಂದು ಇಲ್ಲಿನವರು ಫ್ರಾನ್ಸಿನ ಪ್ರಜೆಗಳು, ನಾಣ್ಯ ಯೂರೋ. ಆದರೆ ದ್ವೀಪಗಳು ಐರೋಪ್ಯ ಒಕ್ಕೂಟದ ಭಾಗವಲ್ಲ.

ಅತ್ಯಂತ ದೊಡ್ಡ ಪೆಟ್ಟು ಬಿದ್ದದ್ದು ಸಮುದ್ರದ ಗಡಿಯಿಂದ. 1977ರಲ್ಲಿ ಕೆನಡಾ ತನ್ನ ಮೀನುಗಾರಿಕಾ ವಲಯವನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. ವಿದೇಶಿ ಟ್ರಾಲರ್‌ಗಳು ದೂರ ಸರಿದವು, ಬಂದರಿನ ಗಿರಾಕಿ ಕಡಿಮೆಯಾಯಿತು. ಫ್ರಾನ್ಸ್ ಕೂಡ ದ್ವೀಪಗಳ ಹೆಸರಿನಲ್ಲಿ 200 ಮೈಲಿಯ ವಲಯ ಕೇಳಿತು. ಕೆನಡಾ 12 ಮೈಲಿಗಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. 1988ರಲ್ಲಿ ದ್ವೀಪದ ಚುನಾಯಿತ ಪ್ರತಿನಿಧಿಗಳು ಇದ್ದ ಟ್ರಾಲರ್ ಒಂದನ್ನು ಕೆನಡಾ ಹಿಡಿದು ಬಂಧಿಸುವಷ್ಟು ಜಗಳ ಬೆಳೆಯಿತು. ಕೊನೆಗೆ ಐವರು ಸದಸ್ಯರ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯೂಯಾರ್ಕ್‌ನಲ್ಲಿ ಕುಳಿತು 1992ರ ಜೂನ್ 10ರಂದು ತೀರ್ಪಿತ್ತಿತು. ಪಶ್ಚಿಮಕ್ಕೆ 24 ನಾಟಿಕಲ್ ಮೈಲಿಯ ಪಟ್ಟಿ, ದಕ್ಷಿಣಕ್ಕೆ 10.5 ನಾಟಿಕಲ್ ಮೈಲಿ ಅಗಲದ, 188 ನಾಟಿಕಲ್ ಮೈಲಿ ಉದ್ದದ ಓಣಿ. ಎಲ್ಲ ಸೇರಿ ಸುಮಾರು 12,400 ಚದರ ಕಿಲೋಮೀಟರ್. ಫ್ರಾನ್ಸ್ ಕೇಳಿದ್ದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಆಕಾರ ನೋಡಿ ಜನ ಇದನ್ನು ‘ಬ್ಯಾಗೆಟ್’ (ಕೋಲಿನಂತೆ ಉದ್ದನೆಯ ಫ್ರೆಂಚ್ ಬ್ರೆಡ್) ಎಂದೇ ಕರೆಯುತ್ತಾರೆ. ಕೆನಡಾದ ಮತ್ತು ಫ್ರಾನ್ಸಿನ ಸದಸ್ಯರಿಬ್ಬರೂ, ತಂತಮ್ಮ ಕಾರಣಗಳಿಗಾಗಿ, ತೀರ್ಪಿಗೆ ಭಿನ್ನಮತ ಬರೆದರು. ಮೀನು ಓಣಿಯ ಗೆರೆ ನೋಡಿ ಈಜುವುದಿಲ್ಲ. ಇಷ್ಟು ಕಿರಿದಾದ ವಲಯದಲ್ಲಿ ಯಾವ ಮೀನಿನ ಸಂತತಿಯನ್ನೂ ಒಂದು ಸರಕಾರ ತಾನಾಗಿ ನಿರ್ವಹಿಸಲಾರದು. ಆದ್ದರಿಂದ ಪಾಲಿನ ಬಗೆಗಿನ ಪ್ರತಿ ಮಾತುಕತೆಯಲ್ಲೂ ಕೆನಡಾದ ಕೈ ಮೇಲಾಗುವುದು ಈ ಭೂಗೋಳದಲ್ಲೇ ಅಡಗಿದೆ.

ತೀರ್ಪು ಬಂದು ಸುಮಾರು ಮೂರು ವಾರವಷ್ಟೇ ಕಳೆದಿತ್ತು. ದಶಕಗಳ ಕಾಲದ ಮಿತಿಮೀರಿದ ಟ್ರಾಲಿಂಗ್‌ನಿಂದ ಕಾಡ್ ಮೀನಿನ ಸಂತತಿ ಕುಸಿದುಹೋಗಿದ್ದರಿಂದ 1992ರ ಜುಲೈ 2ರಂದು ಕೆನಡಾದ ಮೀನುಗಾರಿಕಾ ಸಚಿವ ಜಾನ್ ಕ್ರಾಸ್ಬಿ ನ್ಯೂಫೌಂಡ್‌ಲ್ಯಾಂಡ್‌ನ ಉತ್ತರದ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿದರು. ಅಲ್ಲಿ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಮುಂದಿನ ವರ್ಷ ದ್ವೀಪಗಳ ಸುತ್ತಲಿನ ಸಮುದ್ರಕ್ಕೂ ನಿಷೇಧ ವಿಸ್ತರಿಸಿತು. ಐದು ಶತಮಾನಗಳ ಕಸುಬು ಒಮ್ಮೆಗೇ ನಿಂತಿತು. 1994ರ ಒಪ್ಪಂದದ ಪ್ರಕಾರ ದ್ವೀಪಗಳ ಸುತ್ತಲಿನ ವಲಯದ ಕಾಡ್ ಪ್ರಮಾಣದಲ್ಲಿ ಫ್ರಾನ್ಸಿಗೆ ಶೇ 15.6, ಕೆನಡಾಕ್ಕೆ ಶೇ 84.4 ಪಾಲು. 1990ರ ದಶಕದ ಕೊನೆಯಲ್ಲಿ ಈ ವಲಯದಲ್ಲಿ ಮೀನುಗಾರಿಕೆ ಮತ್ತೆ ಆರಂಭವಾದರೂ ಸಂತತಿ ಚೇತರಿಸಿಕೊಂಡಿಲ್ಲ. ಈಗ ಏಡಿ, ಲಾಬ್‌ಸ್ಟರ್, ಹಾಲಿಬಟ್ ಮತ್ತು ಏಷ್ಯಾದ ಮಾರುಕಟ್ಟೆಗೆ ಹೋಗುವ ಸಮುದ್ರ ಸೌತೆ ಎಂಬ ಕಡಲಜೀವಿ ದ್ವೀಪದ ಸಣ್ಣ ದೋಣಿಗಳ ಆಸರೆ.

ಹಾಗಿದ್ದರೆ ಆರು ಸಾವಿರ ಜನ ಬದುಕುತ್ತಿರುವುದು ಹೇಗೆ? ಸರಕಾರದ ವೇತನ, ಪಿಂಚಣಿ ಮತ್ತು ಅನುದಾನದಿಂದ. ಶಾಲೆ, ಆಸ್ಪತ್ರೆ, ಆಡಳಿತ ಕಚೇರಿ, ಪೊಲೀಸ್, ಬಂದರು, ವಿಮಾನ ನಿಲ್ದಾಣಗಳೇ ದೊಡ್ಡ ಉದ್ಯೋಗದಾತರು. ಫ್ರಾನ್ಸಿನಿಂದ ಬರುವ ನೌಕರರಿಗೆ ದುಬಾರಿ ಜೀವನದ ಕಾರಣಕ್ಕೆ ಮೂಲ ವೇತನದ ಮೇಲೆ ಹೆಚ್ಚುವರಿ ಭತ್ಯೆ ಇದೆ. ಆ ಹಣ ಅಂಗಡಿ, ಕಟ್ಟಡ ಕೆಲಸ, ಹೋಟೆಲುಗಳ ಮೂಲಕ ಸುತ್ತುತ್ತದೆ. ತಿನ್ನುವ, ಉಡುವ, ಉರಿಸುವ ಬಹುತೇಕ ಎಲ್ಲವೂ ಕೆನಡಾದ ಮೂಲಕ ಹಡಗಿನಲ್ಲಿ ಬರುತ್ತದೆ. ವಿದ್ಯುತ್ತಿಗೆ ಆಧಾರ ಡೀಸೆಲ್ ಸ್ಥಾವರ. ಗಂಭೀರ ಕಾಯಿಲೆಯವರನ್ನು ನ್ಯೂಫೌಂಡ್‌ಲ್ಯಾಂಡ್‌ಗೆ ಅಥವಾ ಕೆನಡಾದ ಹ್ಯಾಲಿಫ್ಯಾಕ್ಸ್ ನಗರಕ್ಕೆ ಕಳಿಸಬೇಕು. ಓದಲು ಹೋದ ಯುವಜನರಲ್ಲಿ ಹಲವರು ಹಿಂತಿರುಗುವುದಿಲ್ಲ. ಸ್ಥಳೀಯ ಮಂಡಳಿಯ ಎರಡು ಫೆರಿಗಳು ನ್ಯೂಫೌಂಡ್‌ಲ್ಯಾಂಡ್‌ನ ಫಾರ್ಚೂನ್ ಬಂದರಿನಿಂದ ಪ್ರವಾಸಿಗಳನ್ನು ತರುತ್ತವೆ. 2018ರಿಂದ ಬೇಸಿಗೆಯಲ್ಲಿ ಪ್ಯಾರಿಸ್‌ಗೆ ನೇರ ವಿಮಾನವಿದೆ. ಆದರೆ ಹಂಗಾಮು ಚಿಕ್ಕದು. ಪ್ರವಾಸೋದ್ಯಮವೊಂದೇ ಮೀನಿನ ಜಾಗ ತುಂಬಲಾರದು.

ಇದನ್ನು ಪರಾವಲಂಬನೆ ಎಂದು ತಳ್ಳಿಹಾಕುವುದು ಸುಲಭ; ನನಗೆ ಆ ಮಾತು ಒಪ್ಪಿತವಲ್ಲ. ಫ್ರಾನ್ಸ್ ಕೊಡುವ ಹಣದಲ್ಲಿ ದಾನಕ್ಕಿಂತ ಬೆಲೆಯ ಅಂಶ ಹೆಚ್ಚು. ಉತ್ತರ ಅಮೆರಿಕದ ಬಾಗಿಲಲ್ಲಿ ಒಂದು ಬಾವುಟ, ವಾಯವ್ಯ ಅಟ್ಲಾಂಟಿಕ್‌ನ ಮೀನುಗಾರಿಕಾ ಸಂಘಟನೆಯಲ್ಲಿ ಒಂದು ಕುರ್ಚಿ, ಸಮುದ್ರತಳದ ಮೇಲೆ ಹಕ್ಕು ಕೇಳುವ ಅವಕಾಶ ಅದಕ್ಕೆ ಸಿಗುವುದು ಇಲ್ಲಿ ಜನ ವಾಸಿಸುತ್ತಿರುವುದರಿಂದ. ಓಣಿಯ ಆಚೆಗೂ ಸಮುದ್ರತಳದ ಹಕ್ಕು ತನಗಿದೆ ಎಂದು ಫ್ರಾನ್ಸ್ 2014ರಲ್ಲಿ ವಿಶ್ವಸಂಸ್ಥೆಯ ಆಯೋಗದ ಮುಂದೆ ವಾದ ಮಂಡಿಸಿತು. ಕೆನಡಾ ಅದನ್ನು ವಿರೋಧಿಸಿದೆ. ಜನರಿಲ್ಲದಿದ್ದರೆ ಈ ವಾದಕ್ಕೆ ಎಷ್ಟು ಬಲ ಉಳಿಯುತ್ತಿತ್ತು?

ಪ್ಯಾರಿಸ್‌ನ ರಾಜಕಾರಣಿಗಳಿಗೆ ಇದು ಸದಾ ನೆನಪಿರುವುದಿಲ್ಲ. ಸುಂಕದ ಸುದ್ದಿಯ ಬೆನ್ನಲ್ಲೇ ಬಲಪಂಥೀಯ ನಾಯಕ ಲೊರಾಂ ವೊಕಿಯೆ, ದೇಶ ಬಿಡಬೇಕೆಂಬ ಆದೇಶ ಪಡೆದ ಅಪಾಯಕಾರಿ ವಿದೇಶಿಯರನ್ನು ಸೇಂಟ್ ಪಿಯರ್ ಮತ್ತು ಮಿಕೆಲಾನ್‌ನಲ್ಲಿ ಕೂಡಿಹಾಕಬೇಕು, ಅಲ್ಲಿನ ಚಳಿಯೇ ಅವರನ್ನು ಯೋಚಿಸುವಂತೆ ಮಾಡುತ್ತದೆ ಎಂಬರ್ಥದ ಸಲಹೆ ಕೊಟ್ಟರು. ಮನುಷ್ಯರ ಊರನ್ನು ಶಿಕ್ಷೆಯ ಸಾಧನವಾಗಿ ಕಾಣುವ ಈ ಮಾತಿಗೆ ದ್ವೀಪದಲ್ಲಿ ಪಕ್ಷಭೇದವಿಲ್ಲದೆ ಆಕ್ರೋಶ ವ್ಯಕ್ತವಾಯಿತು. ವಾಷಿಂಗ್ಟನ್ನಿನ ಸೂತ್ರ ಅಲ್ಲಿನ ಜನರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸ್ವಂತ ದೇಶದ ನಾಯಕನ ಮಾತು ಅದಕ್ಕಿಂತ ಹೆಚ್ಚು ನೋಯಿಸಿದ್ದರೆ ಆಶ್ಚರ್ಯವಿಲ್ಲ.

ಈಗ ಸಮುದ್ರವೇ ಹೊಸ ಗೆರೆ ಎಳೆಯುತ್ತಿದೆ. ಮಿಕೆಲಾನ್ ಗ್ರಾಮ ಇರುವುದು ಸಾಗರಕ್ಕೂ ಹಿನ್ನೀರಿಗೂ ನಡುವಿನ ತಗ್ಗು ಪಟ್ಟಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ಎರಡು ಮೀಟರ್ ಎತ್ತರದಲ್ಲಿ. 2014ರ ಡಿಸೆಂಬರಿನಲ್ಲಿ ಇಲ್ಲಿಗೆ ಬಂದ ಅಧ್ಯಕ್ಷ ಫ್ರಾಂಸ್ವಾ ಒಲಾಂದ್ ಈ ನೆಲ ಮುಳುಗುವ ಅಪಾಯವನ್ನು ಬಹಿರಂಗವಾಗಿ ಹೇಳಿದರು. 2018ರ ಕರಾವಳಿ ಅಪಾಯ ಯೋಜನೆ ಗ್ರಾಮದಲ್ಲಿ ಹೊಸ ಮನೆ ಕಟ್ಟುವುದನ್ನು ಬಿಗಿಗೊಳಿಸಿತು. ಮೊದಮೊದಲು ಪ್ರತಿರೋಧವಿತ್ತು, ಬಿರುಗಾಳಿಗಳಲ್ಲಿ ನೀರು ಮನೆಬಾಗಿಲಿಗೆ ಬಂದ ಅನುಭವದ ಮೇಲೆ ಅನೇಕರ ಮನಸ್ಸು ಬದಲಾಯಿತು. ಈಗ ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ಎತ್ತರದ ಜಾಗಕ್ಕೆ ಊರನ್ನು ಹಂತಹಂತವಾಗಿ ಸ್ಥಳಾಂತರಿಸುವ ಕೆಲಸ ನಡೆದಿದೆ. ಅಪಾಯದಲ್ಲಿರುವ ಮನೆಗಳನ್ನು ಸರಕಾರದ ವಿಪತ್ತು ನಿಧಿಯಿಂದ ಖರೀದಿಸುವ ವ್ಯವಸ್ಥೆ ಇದೆ, ಹೋಗುವವರು ತಾವಾಗಿ ಒಪ್ಪಿ ಹೋಗಬೇಕು. ಆದರೆ ಹಳೆಯ ಮನೆಗೆ ಸಿಗುವ ಹಣದಲ್ಲಿ ಹಲಗೆಯಿಂದ ಮೊಳೆಯವರೆಗೆ ಎಲ್ಲವನ್ನೂ ಹೊರಗಿನಿಂದ ತರಿಸಿ ಹೊಸ ಮನೆ ಕಟ್ಟಬೇಕು. ಪಿಂಚಣಿಯಲ್ಲಿ ಬದುಕುವ ವೃದ್ಧರಿಗೂ ಹಂಗಾಮಿನ ಆದಾಯವಿರುವ ಬೆಸ್ತರಿಗೂ ಆ ವ್ಯತ್ಯಾಸವನ್ನು ತುಂಬಿಕೊಡುವವರು ಯಾರು ಎಂಬುದರ ಮೇಲೆ ಹೊಸ ಮಿಕೆಲಾನ್‌ಗೆ ಎಷ್ಟು ಮನೆಗಳು ಏರುತ್ತವೆ ಎಂಬುದು ನಿಂತಿದೆ.